ಜಲಾಧಾರಿತ ಪಾಲಿಯೆಸ್ಟರ್ ರಾಳ: ಲೇಪನ ಮತ್ತು ಮುದ್ರಣ ಶಾಯಿಯ ನಿಜವಾದ ಲೆಕ್ಕ

ಪೀಠಿಕೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಗೋಣಿಚೀಲದಲ್ಲಿ ತುಂಬಿ ಹೊರಗೆ ಕಳುಹಿಸುತ್ತಿದ್ದ ಮಾಲಿಗೆ ಈಗ ಹೆಸರು ಬಂದಿದೆ. ಹೆಸರು ಬಂದ ಮೇಲೆ ಅದನ್ನು ಅಚ್ಚು ಹಾಕುವ ಚೀಟಿಯೂ ಪೊಟ್ಟಣವೂ ಬೇಕಾಗುತ್ತವೆ. ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಹಲಸಿನ ಚಿಪ್ಸ್, ಮುರುಗಲು ಮುಂತಾದ ನಮ್ಮ ಸೀಮೆಯ ಇತರ ಪದಾರ್ಥಗಳ ಮಾತೂ ಇದೇ. ಮುದ್ರಣವು ಊರಿನಲ್ಲೇ ಆಗಲಿ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆಗಲಿ, ಪೊಟ್ಟಣದ ಮೇಲಿನ ಶಾಯಿ ಮತ್ತು ಲೇಪನ ಯಾವುದರಿಂದ ಆಗಿದೆಯೆಂಬ ಪ್ರಶ್ನೆ ಇಂದು ವ್ಯಾಪಾರಸ್ಥನ ಮುಂದೆಯೂ ಬಂದು ನಿಲ್ಲುತ್ತದೆ. ದೊಡ್ಡ ಖರೀದಿದಾರರು ‘ದ್ರಾವಕರಹಿತ ಶಾಯಿ ಇದೆಯೇ?’ ಎಂದು ಕೇಳತೊಡಗಿದರೆ, ಉತ್ತರ ಹೇಳಬೇಕಾದವನು ಮುದ್ರಕನೊಬ್ಬನೇ ಅಲ್ಲ.

ಈ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಜಲಾಧಾರಿತ ಪಾಲಿಯೆಸ್ಟರ್ ರಾಳವೂ ಒಂದು. ಅದು ಏನು, ಹೇಗೆ ಕೆಲಸ ಮಾಡುತ್ತದೆ, ನಮ್ಮ ಮಳೆಗಾಲದಲ್ಲಿ ಹೇಗೆ ವರ್ತಿಸುತ್ತದೆ, ಅದಕ್ಕೆ ತಗಲುವ ವೆಚ್ಚವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಸದಸ್ಯರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಬ್ಬಿಯ ಮೇಲಿನ ಕಿಲೋ ದರವನ್ನು ನೋಡಿ ರಾಳವನ್ನು ಕೊಳ್ಳುವುದೂ ಬಿಡುವುದೂ ಎರಡೂ ತಪ್ಪು. ಒಣಗಿ ಉಳಿಯುವ ಪದರದ ದರ, ಒಣಗಿಸುವ ವೆಚ್ಚ ಮತ್ತು ಕೆಟ್ಟುಹೋಗುವ ಮಾಲಿನ ಪ್ರಮಾಣ, ಈ ಮೂರನ್ನು ಸೇರಿಸಿ ನೋಡಿದಾಗ ಮಾತ್ರ ನಿಜವಾದ ಲೆಕ್ಕ ಸಿಗುತ್ತದೆ.

1. ಪಾಲಿಯೆಸ್ಟರ್ ಎಂದರೇನು?

ಆಮ್ಲ ಮತ್ತು ಆಲ್ಕೊಹಾಲ್ ಸೇರಿದಾಗ ನೀರು ಬಿಡುಗಡೆಯಾಗಿ ಉಂಟಾಗುವ ಸಂಯುಕ್ತಕ್ಕೆ ಎಸ್ಟರ್ ಎಂದು ಹೆಸರು. ಇಂತಹ ಎಸ್ಟರ್ ಬಂಧಗಳು ಸರಪಳಿಯಂತೆ ಸಾಲಾಗಿ ಬೆಸೆದುಕೊಂಡರೆ ಅದು ಪಾಲಿಯೆಸ್ಟರ್. ಕುಡಿಯುವ ನೀರಿನ ಪೆಟ್ ಬಾಟಲಿ, ಪೊಟ್ಟಣದ ಹೊರಪದರದ ಹೊಳೆಯುವ ಫಿಲ್ಮ್, ಸೀರೆ-ಷರ್ಟುಗಳ ನೂಲು, ಎಲ್ಲವೂ ಈ ಕುಟುಂಬದವೇ.

ಇದು ಹೊರಗಿನಿಂದ ಬಂದ ಹೊಸ ವಸ್ತುವೆಂದು ಭಾವಿಸಬೇಕಾಗಿಲ್ಲ. ಚನ್ನಪಟ್ಟಣದ ಆಟಿಕೆಗಳಿಗೆ ಹಚ್ಚುವ ಅರಗು ಸಹ ರಾಸಾಯನಿಕವಾಗಿ ನಿಸರ್ಗವೇ ತಯಾರಿಸಿದ ಒಂದು ಪಾಲಿಯೆಸ್ಟರ್ ರಾಳ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲಿಯೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತಿರುವ ಸಂಸ್ಥೆ.

ಅರಗಿನ ಒಂದು ಗುಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅದು ಬರಿಯ ನೀರಿನಲ್ಲಿ ಕರಗುವುದಿಲ್ಲ. ಆದರೆ ಬಿಳಿಗಾರ ಅಥವಾ ಅಮೋನಿಯಾ ಬೆರೆಸಿದ ನೀರಿನಲ್ಲಿ ಕರಗುತ್ತದೆ. ಅರಗಿನಲ್ಲಿರುವ ಆಮ್ಲದ ಅಂಶವು ಕ್ಷಾರದೊಡನೆ ಸೇರಿ ನೀರಿಗೆ ಒಗ್ಗುವುದೇ ಇದಕ್ಕೆ ಕಾರಣ. ಆಧುನಿಕ ಜಲಾಧಾರಿತ ರಾಳದ ಗುಟ್ಟೂ ಇದರಲ್ಲಿಯೇ ಅಡಗಿದೆ.

2. ನೀರಿಗೆ ಒಗ್ಗಿಸುವ ಎರಡು ವಿಧಾನಗಳು

ಸಾಮಾನ್ಯ ಪಾಲಿಯೆಸ್ಟರ್ ರಾಳವನ್ನು ಟಾಲ್ವೀನ್, ಈಥೈಲ್ ಅಸಿಟೇಟ್, ಎಂ.ಇ.ಕೆ. ಮುಂತಾದ ದ್ರಾವಕಗಳಲ್ಲಿ ಕರಗಿಸುತ್ತಾರೆ. ನೀರಿನಲ್ಲಿ ಅದು ಕರಗದು. ಆದ್ದರಿಂದ ತಯಾರಕರು ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತಾರೆ.

ಮೊದಲನೆಯದು, ಸರಪಳಿಯ ತುದಿಗಳಲ್ಲಿ ಆಮ್ಲದ ಗುಂಪುಗಳನ್ನು ಉಳಿಸಿ, ಅಮೋನಿಯಾ ಅಥವಾ ಅಮೀನ್‌ನಿಂದ ಅವುಗಳನ್ನು ತಟಸ್ಥಗೊಳಿಸುವುದು. ಇದು ಅರಗಿನ ಮಾರ್ಗ. ಒಣಗುವಾಗ ಅಮೋನಿಯಾ ಹಾರಿಹೋಗುವುದರಿಂದ ಪದರಕ್ಕೆ ನೀರು ತಡೆಯುವ ಶಕ್ತಿ ಹೆಚ್ಚುತ್ತದೆ. ಆದರೆ ಬಳಸುವಾಗ ವಾಸನೆ ಇರುತ್ತದೆ, ಕ್ಷಾರತೆ ಕಡಿಮೆಯಾದರೆ ರಾಳ ಗಟ್ಟಿಯಾಗುತ್ತದೆ.

ಎರಡನೆಯದು, ರಾಳವನ್ನು ತಯಾರಿಸುವಾಗಲೇ ಸೋಡಿಯಂ ಸಲ್ಫೋನೇಟ್ ಗುಂಪುಳ್ಳ ಒಂದು ಆಮ್ಲವನ್ನು ಅಲ್ಪ ಪ್ರಮಾಣದಲ್ಲಿ ಸರಪಳಿಯೊಳಗೆ ಸೇರಿಸುವುದು. ಇಂತಹ ರಾಳವು ಬಿಸಿನೀರಿನಲ್ಲಿ ಕಲಕಿದರೆ ಸಾಬೂನಿನಂತಹ ಸಹಾಯಕ ದ್ರವ್ಯವಿಲ್ಲದೆಯೇ ಅತಿ ಸೂಕ್ಷ್ಮ ಕಣಗಳಾಗಿ ಹರಡಿಕೊಳ್ಳುತ್ತದೆ. ಅಮೆರಿಕದ ಈಸ್ಟ್‌ಮನ್ ಕಂಪನಿಯ ‘ಎ.ಕ್ಯೂ.’ ಶ್ರೇಣಿಯ ರಾಳಗಳು ಈ ಜಾತಿಗೆ ಸೇರಿದವು. ಜಪಾನಿನ ಟೊಯೊಬೊ ಕಂಪನಿಯ ‘ವೈಲೋನಾಲ್’ ಕೂಡ ಜಲಾಧಾರಿತ ಪಾಲಿಯೆಸ್ಟರ್ ರಾಳಕ್ಕೆ ಹೆಸರಾದುದು.

ಹೀಗೆ ಹರಡಿಕೊಂಡ ದ್ರವಕ್ಕೆ ‘ಡಿಸ್ಪರ್ಷನ್’ ಎನ್ನುತ್ತಾರೆ. ಸಕ್ಕರೆ ಕರಗಿದ ನೀರಿನಂತೆ ಅಲ್ಲ, ಹಾಲಿನಂತೆ ಎಂದು ತಿಳಿದರೆ ಸರಿ. ಹಾಲಿನಲ್ಲಿ ಜಿಡ್ಡು ಕರಗಿರುವುದಿಲ್ಲ, ಕಣಗಳಾಗಿ ತೇಲುತ್ತಿರುತ್ತದೆ. ಹಾಲಿಗೆ ಹುಳಿ ಬಿದ್ದರೆ ಒಡೆಯುವಂತೆ, ಈ ದ್ರವಕ್ಕೆ ಆಮ್ಲವೋ ಉಪ್ಪೋ ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರೋ ಸೇರಿದರೆ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ. ಆದ್ದರಿಂದ ತೆಳುಮಾಡಲು ಬಾವಿ ಅಥವಾ ಕೊಳವೆಬಾವಿಯ ನೀರನ್ನು ನೇರವಾಗಿ ಸುರಿಯಬಾರದು. ಖನಿಜಾಂಶ ತೆಗೆದ ನೀರನ್ನೇ ಬಳಸಬೇಕು.

ಇನ್ನೊಂದು ಎಚ್ಚರಿಕೆ ಕಾಲಕ್ಕೆ ಸಂಬಂಧಿಸಿದ್ದು. ಆಮ್ಲ ಮತ್ತು ಆಲ್ಕೊಹಾಲ್ ಸೇರುವಾಗ ನೀರು ಹೊರಬರುತ್ತದೆಂದು ಹೇಳಿದೆವಷ್ಟೆ. ಅದೇ ಕ್ರಿಯೆ ಹಿಮ್ಮುಖವಾಗಿಯೂ ನಡೆಯುತ್ತದೆ. ವರ್ಷಗಟ್ಟಲೆ ನೀರಿನಲ್ಲಿಯೇ ಇದ್ದರೆ ಎಸ್ಟರ್ ಬಂಧ ನಿಧಾನವಾಗಿ ತುಂಡಾಗುತ್ತದೆ. ಶಾಖ ಮತ್ತು ಕ್ಷಾರ ಹೆಚ್ಚಾದಷ್ಟೂ ಇದು ಬೇಗನೆ ಆಗುತ್ತದೆ. ದ್ರಾವಕದಲ್ಲಿರುವ ರಾಳಕ್ಕೆ ಇಲ್ಲದ ಈ ದೌರ್ಬಲ್ಯ ಜಲಾಧಾರಿತ ರಾಳಕ್ಕೆ ಇದೆ. ಆದಕಾರಣ ಡಬ್ಬಿಯ ಮೇಲಿನ ಬಾಳಿಕೆಯ ಅವಧಿಯನ್ನು ಔಷಧದ ಅವಧಿಯಂತೆಯೇ ಗೌರವಿಸಬೇಕು.

3. ಒಣಗುವ ವಿಷಯ ಮತ್ತು ನಮ್ಮ ಮಳೆಗಾಲ

ನೀರಿನಲ್ಲಿ ಬಣ್ಣ ಬೆರೆಸಿ ಬಳಿಯುವುದು ನಮಗೆ ಹೊಸದಲ್ಲ. ಸುಣ್ಣ ಬಳಿದ ಗೋಡೆ, ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಯ ಕಾವಿ ಚಿತ್ರಗಳು ಎಲ್ಲರೂ ಕಂಡವೇ. ಇನ್ನೂ ಹತ್ತಿರದ ಉದಾಹರಣೆ ಅಡಿಕೆಯದು. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕೊಟ್ಟು ಒಣಗಿಸುವ ಕ್ರಮವೂ ಒಂದು ಜಲಾಧಾರಿತ ಲೇಪನವೇ. ಬಿಸಿಲು ಚೆನ್ನಾಗಿದ್ದರೆ ಹೊಳಪು ಬರುತ್ತದೆ. ಮೋಡ ಕವಿದರೆ ಬಣ್ಣ ಕೆಡುತ್ತದೆ, ಬೂಸು ಹಿಡಿಯುತ್ತದೆ. ಜಲಾಧಾರಿತ ಶಾಯಿಯ ತೊಂದರೆಯೂ ಇದೇ ಜಾತಿಯದು.

ಇದಕ್ಕೆ ಮೂರು ಕಾರಣಗಳಿವೆ.

ಒಂದು, ಶಾಖ. ಒಂದು ಕಿಲೋ ನೀರನ್ನು ಆವಿಯಾಗಿಸಲು ಬೇಕಾಗುವ ಶಾಖವು ಅಷ್ಟೇ ತೂಕದ ಟಾಲ್ವೀನ್‌ಗೆ ಬೇಕಾಗುವುದರ ಸುಮಾರು ಆರು ಪಟ್ಟು.

ಎರಡು, ಗಾಳಿಯ ತೇವ. ಟಾಲ್ವೀನ್ ಆವಿಯಾಗಲು ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದು ಮುಖ್ಯವಲ್ಲ. ನೀರು ಆವಿಯಾಗಲು ಅದೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಿನ ಗಾಳಿ ನೀರಿನಿಂದ ತುಂಬಿರುವಾಗ, ಬರಿಯ ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತುತ್ತದೆ. ಗಾಳಿಯನ್ನು ಬಿಸಿಮಾಡಿ ಬೀಸಬೇಕು, ಒದ್ದೆಯಾದ ಗಾಳಿಯನ್ನು ಹೊರಕ್ಕೆ ತಳ್ಳಬೇಕು.

ಮೂರು, ಪದರ ಕಟ್ಟುವ ತಾಪಮಾನ. ನೀರು ಹೋದ ಮೇಲೆ ಕಣಗಳು ಮೆದುವಾಗಿ ಒಂದರೊಳಗೊಂದು ಬೆರೆತರೆ ಮಾತ್ರ ಪದರ ಅಖಂಡವಾಗುತ್ತದೆ. ರಾಳ ಗಡಸುತನ ಬಿಟ್ಟು ಮೆದುವಾಗತೊಡಗುವ ತಾಪಮಾನವನ್ನು ತಂತ್ರಜ್ಞರು ‘ಟಿ.ಜಿ.’ ಎಂದು ಬರೆಯುತ್ತಾರೆ. ಈಸ್ಟ್‌ಮನ್ ರಾಳಗಳ 38, 48, 55 ಎಂಬ ಸಂಖ್ಯೆಗಳು ಸುಮಾರಾಗಿ ಈ ತಾಪಮಾನವನ್ನೇ ಸೆಲ್ಸಿಯಸ್‌ನಲ್ಲಿ ಸೂಚಿಸುತ್ತವೆ. 55ರ ರಾಳವನ್ನು ಜುಲೈ ತಿಂಗಳ ತಂಪಿನಲ್ಲಿ ಶಾಖವಿಲ್ಲದೆ ಒಣಗಿಸಿದರೆ ನೀರು ಹೋದರೂ ಕಣಗಳು ಬೆರೆಯದೆ ಪುಡಿಪುಡಿಯಾಗಿ ಉದುರಬಹುದು. ಹಾಗೆಂದು ತೀರ ಕಡಿಮೆ ಸಂಖ್ಯೆಯದನ್ನು ಆರಿಸಿದರೆ ಏಪ್ರಿಲ್ ತಿಂಗಳ ಸೆಖೆಯಲ್ಲಿ ಪೊಟ್ಟಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದೇ ರಾಳ ಎರಡೂ ಋತುಗಳಿಗೆ ಸಲ್ಲುತ್ತದೆಯೇ ಎಂದು ಮಾರಾಟಗಾರನನ್ನು ಕೇಳುವುದು ಗ್ರಾಹಕನ ಹಕ್ಕು.

4. ಎಲ್ಲಿ ಯೋಗ್ಯ, ಎಲ್ಲಿ ಅಲ್ಲ

ಪೆಟ್ ಫಿಲ್ಮ್ ಮೇಲೆ ಶಾಯಿ ಹಿಡಿಯುವಂತೆ ಮೊದಲು ಹಚ್ಚುವ ತೆಳು ಲೇಪನಕ್ಕೆ ಈ ರಾಳ ಬಹಳ ಯೋಗ್ಯ. ಎರಡೂ ಒಂದೇ ಕುಟುಂಬಕ್ಕೆ ಸೇರಿದ್ದರಿಂದ ಹಿಡಿತ ಗಟ್ಟಿ. ಕಾಗದದ ಚೀಟಿಗಳ ಮೇಲಿನ ಹೊಳಪು ಲೇಪನ, ರಟ್ಟಿನ ಪೆಟ್ಟಿಗೆಯ ಮುದ್ರಣ, ಜಲಾಧಾರಿತ ಶಾಯಿಯಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ಬಂಧಕ, ಮರದ ಸಾಮಾನಿನ ಒಳಾಂಗಣ ಲೇಪನ, ಇವಕ್ಕೂ ಸಲ್ಲುತ್ತದೆ. ರೋಲರು, ಸ್ಕ್ರೀನು, ಬಕೆಟ್ಟುಗಳನ್ನು ಶಾಯಿ ಒಣಗುವ ಮುನ್ನವೇ ನೀರಿನಿಂದ ತೊಳೆಯಬಹುದೆಂಬುದು ಕೆಲಸಗಾರರಿಗೆ ದೊಡ್ಡ ಅನುಕೂಲ. ಟಾಲ್ವೀನ್ ಹೊಗೆಯನ್ನು ದಿನವಿಡೀ ಸೇವಿಸಿ ತಲೆನೋವು ತಂದುಕೊಳ್ಳುವುದು ತಪ್ಪುತ್ತದೆ.

ಪಾಲಿಪ್ರೊಪಿಲೀನ್ ಫಿಲ್ಮ್ ಮೇಲೆ ಮಾತ್ರ ಜಾಗ್ರತೆ ಬೇಕು. ನೀರಿನ ಮೇಲ್ಮೈ ಸೆಳೆತ ಸುಮಾರು 72, ಟಾಲ್ವೀನ್‌ನದು ಸುಮಾರು 28, ಸಂಸ್ಕರಿಸದ ಪಾಲಿಪ್ರೊಪಿಲೀನ್ ಫಿಲ್ಮ್‌ನ ಮೇಲ್ಮೈ ಶಕ್ತಿ ಸುಮಾರು 30 ಡೈನ್. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗುವಂತೆ ಜಲಾಧಾರಿತ ಶಾಯಿ ಆ ಫಿಲ್ಮ್ ಮೇಲೆ ಮುತ್ತಾಗುತ್ತದೆ. ಕೊರೊನಾ ವಿದ್ಯುತ್ ಸಂಸ್ಕರಣೆಯಿಂದ ಫಿಲ್ಮ್‌ನ ಮೇಲ್ಮೈಯನ್ನು 38 ಡೈನ್‌ಗಿಂತ ಮೇಲಕ್ಕೆ ತಂದು, ಶಾಯಿಗೆ ತೇವಗೊಳಿಸುವ ದ್ರವ್ಯ ಸೇರಿಸಿದರೆ ಕೆಲಸ ನಡೆಯುತ್ತದೆ. ಸಂಸ್ಕರಣೆಯ ಪರಿಣಾಮ ದಿನ ಕಳೆದಂತೆ ಇಳಿಯುವುದರಿಂದ ಹಳೆಯ ಫಿಲ್ಮ್ ರೋಲಿನ ಮೇಲೆ ಮುದ್ರಿಸುವ ಮುನ್ನ ಪರೀಕ್ಷೆ ಅಗತ್ಯ.

ಕ್ಷಾರ ತಗಲುವ ಕಡೆ, ಅಂದರೆ ಹೊಸ ಸಿಮೆಂಟು ಅಥವಾ ಸುಣ್ಣದ ಗೋಡೆ, ಸಾಬೂನಿನ ನೀರು ಬೀಳುವ ಜಾಗ, ಇವಕ್ಕೆ ಪಾಲಿಯೆಸ್ಟರ್ ಹೊಂದದು. ಬರಿಯ ಉಕ್ಕಿನ ಮೇಲೆ ಹಚ್ಚಿದರೆ ಒಣಗುವ ಮೊದಲೇ ತುಕ್ಕಿನ ಚುಕ್ಕೆ ಕಾಣಿಸಬಹುದು. ಸಲ್ಫೋನೇಟ್ ಜಾತಿಯ ರಾಳದಲ್ಲಿ ನೀರಿಗೆ ಒಗ್ಗುವ ಗುಂಪು ಒಣಗಿದ ಮೇಲೂ ಉಳಿದಿರುವುದರಿಂದ, ಮಳೆಗೆ ಒಡ್ಡಿಕೊಳ್ಳುವ ಚೀಲ-ಪೆಟ್ಟಿಗೆಗಳಿಗೆ ಮೇಲೊಂದು ರಕ್ಷಕ ಲೇಪನ ಅಥವಾ ಸರಪಳಿಗಳನ್ನು ಬೆಸೆಯುವ ದ್ರವ್ಯ ಬೇಕೇ ಬೇಕು.

5. ವೆಚ್ಚದ ಲೆಕ್ಕ: ಒಂದು ಮಾದರಿ

ಈಗ ಲೇಖನದ ಮುಖ್ಯ ಭಾಗಕ್ಕೆ ಬರೋಣ. ಕೆಳಗಿನ ದರಗಳೆಲ್ಲ ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಸದಸ್ಯರು ತಮ್ಮ ತಮ್ಮ ದರಗಳನ್ನು ಹಾಕಿಕೊಳ್ಳಬೇಕು.

ಪ್ರತಿ ಚದರ ಮೀಟರಿಗೆ ಒಣಗಿದ ಮೇಲೆ 2 ಗ್ರಾಂ ಲೇಪನ ಉಳಿಯಬೇಕೆಂದು ಇಟ್ಟುಕೊಳ್ಳೋಣ. 1,000 ಚದರ ಮೀಟರಿನ ಒಂದು ಲಾಟಿಗೆ 2 ಕಿಲೋ ಒಣ ರಾಳ ಬೇಕು.

(ಅ) ದ್ರಾವಕ ಆಧಾರಿತ ರಾಳ: ಘನಾಂಶ ಶೇ. 40, ದರ ಕಿಲೋಗೆ ರೂ. 200.
ಬೇಕಾಗುವ ರಾಳ 5 ಕಿಲೋ: ರೂ. 1,000
ತೆಳುಮಾಡಲು ಥಿನ್ನರ್ 2 ಕಿಲೋ, ರೂ. 120ರಂತೆ: ರೂ. 240
ಒಣಗಿಸಲು ವಿದ್ಯುತ್ 2 ಯೂನಿಟ್, ರೂ. 8ರಂತೆ: ರೂ. 16
ಒಟ್ಟು: ರೂ. 1,256

(ಆ) ಜಲಾಧಾರಿತ ರಾಳ: ಘನಾಂಶ ಶೇ. 30, ದರ ಕಿಲೋಗೆ ರೂ. 210.
ಬೇಕಾಗುವ ರಾಳ 6.67 ಕಿಲೋ: ರೂ. 1,400
ಒಣಗಿಸಲು ವಿದ್ಯುತ್ 13 ಯೂನಿಟ್, ರೂ. 8ರಂತೆ: ರೂ. 104
ಒಟ್ಟು: ರೂ. 1,504

(ವಿದ್ಯುತ್ತಿನ ಲೆಕ್ಕದಲ್ಲಿ ಡ್ರೈಯರಿನ ಶಾಖದ ಕಾಲು ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆಂದು ಹಿಡಿದಿದೆ.)

ಇಲ್ಲಿ ಗಮನಿಸಬೇಕಾದ ಅಂಶವಿದೆ. ಡಬ್ಬಿಯ ದರ ನೋಡಿದರೆ ವ್ಯತ್ಯಾಸ ಕಿಲೋಗೆ 10 ರೂಪಾಯಿ, ಅಂದರೆ ಶೇ. 5 ಮಾತ್ರ. ಒಣ ರಾಳದ ದರ ನೋಡಿದರೆ ಒಂದು ರೂ. 500, ಇನ್ನೊಂದು ರೂ. 700, ವ್ಯತ್ಯಾಸ ಶೇ. 40. ಥಿನ್ನರನ್ನು ಸೇರಿಸಿದರೆ ರೂ. 620 ಮತ್ತು ರೂ. 700, ವ್ಯತ್ಯಾಸ ಸುಮಾರು ಶೇ. 13ಕ್ಕೆ ಇಳಿಯುತ್ತದೆ. ಒಂದೇ ಎರಡು ಡಬ್ಬಿಗಳಿಗೆ ಮೂರು ಉತ್ತರಗಳು. ಮೊದಲನೆಯದನ್ನು ನಂಬಿದವನು ಮುಂದೆ ನಷ್ಟ ಕಾಣುತ್ತಾನೆ, ಎರಡನೆಯದನ್ನು ನಂಬಿದವನು ಪ್ರಯತ್ನವನ್ನೇ ಮಾಡುವುದಿಲ್ಲ.

ಈ ಲಾಟಿನಲ್ಲಿ ವ್ಯತ್ಯಾಸ ರೂ. 248. ಇದು ಬೇಸಿಗೆಯ ಮಾತು. ಮಳೆಗಾಲದಲ್ಲಿ ಯಂತ್ರದ ವೇಗವನ್ನು ಶೇ. 20ರಷ್ಟು ಇಳಿಸಬೇಕಾಯಿತೆಂದು ಹಿಡಿಯೋಣ. ಒಂದು ಗಂಟೆಯ ಕೆಲಸಕ್ಕೆ ಒಂದೂಕಾಲು ಗಂಟೆ ಬೇಕು. ಕೂಲಿ ಮತ್ತು ಇತರ ಸ್ಥಿರ ವೆಚ್ಚ ಗಂಟೆಗೆ ರೂ. 600 ಆದರೆ ಹೆಚ್ಚುವರಿ ರೂ. 150. ಆಗ ವ್ಯತ್ಯಾಸ ರೂ. 398.

ವರ್ಷಕ್ಕೆ 300 ಲಾಟುಗಳು, ಅವುಗಳಲ್ಲಿ 100 ಮಳೆಗಾಲದಲ್ಲಿ ಎಂದುಕೊಂಡರೆ:
200 x 248 = ರೂ. 49,600
100 x 398 = ರೂ. 39,800
ವರ್ಷದ ಹೆಚ್ಚುವರಿ ವೆಚ್ಚ: ರೂ. 89,400

ಮೊತ್ತ ದೊಡ್ಡದೆನಿಸುತ್ತದೆ. ಆದರೆ ಮೂರು ಲಕ್ಷ ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ ಸುಮಾರು 30 ಪೈಸೆ. ಒಂದು ಚದರ ಮೀಟರಿನಲ್ಲಿ 25 ಪೊಟ್ಟಣಗಳಾದರೆ ಪೊಟ್ಟಣವೊಂದಕ್ಕೆ ಸುಮಾರು 1.2 ಪೈಸೆ. ಪೊಟ್ಟಣದೊಳಗಿನ ಮೆಣಸಿನ ಬೆಲೆಯ ಮುಂದೆ ಇದು ಗಣನೆಗೆ ಬಾರದು. ಖರೀದಿದಾರರು ಜಲಾಧಾರಿತ ಶಾಯಿಯನ್ನೇ ಬಯಸಿದರೆ ಈ ಹೆಚ್ಚಳವನ್ನು ದರದಲ್ಲಿ ಸೇರಿಸಿ ಧೈರ್ಯವಾಗಿ ಕೇಳಬಹುದು.

ಹಾಗಾದರೆ ಅಪಾಯ ಎಲ್ಲಿದೆ? ತಿರಸ್ಕೃತವಾಗುವ ಮಾಲಿನಲ್ಲಿದೆ. ಮುದ್ರಿತ ಫಿಲ್ಮ್‌ನ ಬೆಲೆ ಚದರ ಮೀಟರಿಗೆ ರೂ. 15 ಎಂದು ಹಿಡಿದರೆ, ಸರಿಯಾಗಿ ಒಣಗದೆ ಸುರುಳಿಯಲ್ಲಿ ಅಂಟಿಕೊಂಡ ಒಂದು ಲಾಟಿನ ನಷ್ಟ ರೂ. 15,000. ವರ್ಷಕ್ಕೆ ಆರು ಲಾಟು ಕೆಟ್ಟರೆ ರೂ. 90,000. ಅಂದರೆ ನೂರಕ್ಕೆ ಎರಡು ಲಾಟು ಕೆಡುವುದು ವರ್ಷವಿಡೀ ತೆತ್ತ ಹೆಚ್ಚುವರಿ ವೆಚ್ಚಕ್ಕೆ ಸಮ. ಆದ್ದರಿಂದ ರಾಳದ ದರದಲ್ಲಿ ಐದು ರೂಪಾಯಿ ಇಳಿಸಲು ಚೌಕಾಸಿ ಮಾಡುವುದಕ್ಕಿಂತ, ಬಿಸಿಗಾಳಿಯ ಡ್ರೈಯರಿಗೂ ತೇವ ಅಳೆಯುವ ಮಾಪಕಕ್ಕೂ ಹಣ ತೊಡಗಿಸುವುದು ಹೆಚ್ಚು ಲಾಭದಾಯಕ.

ಇನ್ನೊಂದು ತಟ್ಟೆಯಲ್ಲಿ ಉಳಿತಾಯಗಳಿವೆ. ಬೆಂಕಿ ವಿಮೆಯ ಕಂತು, ತೆರೆದ ಡ್ರಮ್ಮಿನಿಂದ ಆವಿಯಾಗಿ ಹೋಗುವ ಥಿನ್ನರು, ತೊಳೆಯಲು ಬೇಕಾಗುವ ದ್ರಾವಕ, ಪರವಾನಗಿಯ ಖರ್ಚು, ಇವೆಲ್ಲ ಘಟಕದಿಂದ ಘಟಕಕ್ಕೆ ಬೇರೆ. ಪ್ರತಿಯೊಬ್ಬರೂ ತಮ್ಮ ಪುಸ್ತಕದಿಂದಲೇ ಈ ಅಂಕಿಗಳನ್ನು ತೆಗೆದು ರೂ. 89,400ರ ಎದುರಿಗೆ ಬರೆದು ನೋಡಬೇಕು.

6. ಜಿ.ಎಸ್.ಟಿ. ಮತ್ತು ಲೆಕ್ಕಪತ್ರ

ವರ್ಗೀಕರಣ: ನೀರಿನಲ್ಲಿ ಹರಡಿದ ಪಾಲಿಯೆಸ್ಟರ್ ರಾಳವು 39ನೆಯ ಅಧ್ಯಾಯದ 3907 ಶೀರ್ಷಿಕೆಗೆ ಬರುತ್ತದೆ. ದ್ರವ ಮತ್ತು ಡಿಸ್ಪರ್ಷನ್‌ಗಳು ಸಹ ‘ಪ್ರಾಥಮಿಕ ರೂಪ’ವೆಂದು ಆ ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಅದೇ ರಾಳ ಆವಿಯಾಗುವ ಸಾವಯವ ದ್ರಾವಕದಲ್ಲಿ ಕರಗಿದ್ದು, ದ್ರಾವಕದ ತೂಕ ಒಟ್ಟು ತೂಕದ ಶೇ. 50ನ್ನು ಮೀರಿದರೆ 3208ಕ್ಕೆ ಹೋಗುತ್ತದೆ. ಬಣ್ಣ ಸೇರಿಸಿದ ಜಲಾಧಾರಿತ ಪೇಂಟು 3209, ಮುದ್ರಣ ಶಾಯಿ 3215. ಪೇಂಟಿನ ತೆರಿಗೆ 27 ಜುಲೈ 2018ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಮುದ್ರಣ ಶಾಯಿಯದು 18 ಜುಲೈ 2022ರಿಂದ ಶೇ. 12ರಿಂದ ಶೇ. 18ಕ್ಕೆ ಏರಿತು. ದರ ಸಮನಾದರೂ ಇನ್‌ವಾಯ್ಸಿನಲ್ಲಿ ಶೀರ್ಷಿಕೆ ಸರಿಯಾಗಿರಬೇಕು.

ಕಾಂಪೊಸಿಷನ್ ಯೋಜನೆಯಲ್ಲಿರುವವರು: ಇವರಿಗೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಆದ್ದರಿಂದ ತೆರಿಗೆಯೂ ಅವರಿಗೆ ವೆಚ್ಚವೇ. ಮೇಲಿನ ಮಾದರಿಯಲ್ಲಿ ದ್ರಾವಕ ಪದ್ಧತಿಗೆ ರೂ. 223.20, ಜಲ ಪದ್ಧತಿಗೆ ರೂ. 252 ಸೇರಿಸಿಕೊಳ್ಳಬೇಕು.

ಅವಧಿ ಮೀರಿದ ದಾಸ್ತಾನು: ಮಳೆ ಹಿಡಿಯುವ ಮುನ್ನ ಎಲ್ಲವನ್ನೂ ತುಂಬಿಡುವುದು ನಮ್ಮ ಸೀಮೆಯ ರೂಢಿ. ಈ ರಾಳದ ವಿಷಯದಲ್ಲಿ ಅದು ಸಲ್ಲದು. ಮಾರ್ಚ್ 31ರಂದು ದಾಸ್ತಾನು ಮೌಲ್ಯ ಕಟ್ಟುವಾಗ ಕೊಂಡ ಬೆಲೆ ಅಥವಾ ಮಾರಿದರೆ ಬರುವ ನಿವ್ವಳ ಬೆಲೆ, ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂದು ಲೆಕ್ಕಪತ್ರ ಮಾನದಂಡ 2 ವಿಧಿಸುತ್ತದೆ. ಅವಧಿ ಮುಗಿದ ರಾಳದ ಬೆಲೆಯನ್ನು ಹಾಗೆಯೇ ಮುಂದುವರಿಸಿದರೆ ಇಲ್ಲದ ಲಾಭವನ್ನು ತೋರಿಸಿದಂತಾಗುತ್ತದೆ. ಅದನ್ನು ನಾಶಪಡಿಸಿದರೆ ಅಥವಾ ಪುಸ್ತಕದಿಂದ ತೆಗೆದುಹಾಕಿದರೆ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ಪಡೆದ ಜಮೆಯನ್ನು ಹಿಂದಿರುಗಿಸಬೇಕು. 50 ಕಿಲೋದ ಒಂದು ಡ್ರಮ್ ಕೆಟ್ಟರೆ ರಾಳ ರೂ. 10,500, ತೆರಿಗೆ ರೂ. 1,890, ಒಟ್ಟು ನಷ್ಟ ರೂ. 12,390. ಸಣ್ಣ ಪ್ರಮಾಣದಲ್ಲಿ ಹಲವು ಬಾರಿ ತರಿಸುವುದು, ಮೊದಲು ಬಂದದ್ದನ್ನು ಮೊದಲು ಬಳಸುವುದು ಉತ್ತಮ.

7. ಕಾನೂನಿನ ಕೆಲವು ಅಂಶಗಳು

ಸಂಗ್ರಹಣೆ: ಟಾಲ್ವೀನ್ 4 ಡಿಗ್ರಿ ತಾಪಮಾನದಲ್ಲಿಯೇ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವ ಪೆಟ್ರೋಲಿಯಂ ವಸ್ತುಗಳು ‘ಎ’ ವರ್ಗದವು. 1934ರ ಪೆಟ್ರೋಲಿಯಂ ಕಾಯ್ದೆಯಂತೆ, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳುವವರಿಗೂ ಪರವಾನಗಿಯಿಲ್ಲದೆ ಇರಬಹುದಾದ ಮಿತಿ 30 ಲೀಟರು. ಮಾರುಕಟ್ಟೆಯಲ್ಲಿ ಡ್ರಮ್ ಬರುವುದೇ 200 ಲೀಟರಿನದು. ಪೇಟೆಯ ಹಿಂಬದಿಯ ಗೋದಾಮಿನಲ್ಲಿ ಅಂತಹ ಒಂದು ಡ್ರಮ್ ಇಟ್ಟವರ ಬೆಂಕಿ ವಿಮೆಯ ಹಕ್ಕುಸಾಧನೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಧಾರಿತ ರಾಳಕ್ಕೆ ಈ ಚಿಂತೆ ಇಲ್ಲ.

ಆಹಾರದ ಪೊಟ್ಟಣ: 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ಯಾಕೇಜಿಂಗ್ ನಿಯಮಾವಳಿಯ ಪ್ರಕಾರ ಮುದ್ರಣ ಶಾಯಿಯು ಐ.ಎಸ್. 15495 ಮಾನಕಕ್ಕೆ ಹೊಂದಿರಬೇಕು. ಮುದ್ರಿತ ಮೇಲ್ಮೈ ಆಹಾರಕ್ಕೆ ನೇರವಾಗಿ ತಾಗಬಾರದು. 2020ರಲ್ಲಿ ಪರಿಷ್ಕೃತವಾದ ಈ ಮಾನಕ ಟಾಲ್ವೀನನ್ನು ಹೊರಗಿಟ್ಟಿದೆ. ಶಾಯಿ ಪೂರೈಸುವವರಿಂದ ಈ ಬಗ್ಗೆ ಲಿಖಿತ ದೃಢೀಕರಣ ಪಡೆದು ಕಡತದಲ್ಲಿ ಇಡಬೇಕು. ‘ಜಲಾಧಾರಿತ’ ಎಂಬ ಪದವೊಂದೇ ದೃಢೀಕರಣವಾಗುವುದಿಲ್ಲ.

ಪ್ಲಾಸ್ಟಿಕ್: ನೀರು ಆರಿದ ಮೇಲೆ ಉಳಿಯುವುದು ಪಾಲಿಮರ್ ಪದರವೇ ಎಂಬುದನ್ನು ಮರೆಯಬಾರದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಟ್ಕಾ, ಪಾನ್ ಮಸಾಲಾ ಮತ್ತು ತಂಬಾಕಿನ ಪ್ಯಾಕೇಜಿನಲ್ಲಿ ಪ್ಲಾಸ್ಟಿಕನ್ನು ಯಾವ ರೂಪದಲ್ಲಿಯೂ ಬಳಸಬಾರದೆನ್ನುತ್ತವೆ. ‘ಇದು ಕಾಗದ, ನೀರಿನ ಲೇಪನ ಮಾತ್ರ’ ಎಂಬ ಮಾರಾಟಗಾರನ ಮಾತನ್ನು ನಂಬಿ ಅಂತಹ ಆದೇಶ ಒಪ್ಪಿಕೊಳ್ಳುವ ಮುನ್ನ ಲಿಖಿತ ಕಾನೂನು ಅಭಿಪ್ರಾಯ ಪಡೆಯುವುದು ಲೇಸು.

ತೊಳೆದ ನೀರು: ರಾಳ ಮತ್ತು ಬಣ್ಣ ಬೆರೆತ ನೀರನ್ನು ಗಟಾರಕ್ಕೆ ಬಿಡುವುದು 1974ರ ಜಲ ಮಾಲಿನ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯ ಷರತ್ತುಗಳನ್ನು ನೋಡಿಕೊಳ್ಳಬೇಕು. ಶಿರಸಿಯ ಶಂಕರಹೊಂಡವನ್ನು ಅಘನಾಶಿನಿಯ ಮೂಲಗಳಲ್ಲಿ ಒಂದೆಂದು ಹೇಳುತ್ತಾರೆ. ನದಿಯ ಹುಟ್ಟೂರಿನಲ್ಲಿ ವ್ಯಾಪಾರ ಮಾಡುವವರಿಗೆ ಇದು ಕಾಯ್ದೆಗೂ ಮಿಗಿಲಾದ ಹೊಣೆ. ಆ ನೀರನ್ನು ತೊಟ್ಟಿಯಲ್ಲಿ ಹಿಡಿದು, ರಾಳವನ್ನು ಒಡೆಸಿ, ಗಡ್ಡೆಯನ್ನು ಬೇರ್ಪಡಿಸಿ ವಿಲೇವಾರಿ ಮಾಡುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಭೌಗೋಳಿಕ ಸೂಚಕ: ‘ಶಿರಸಿ ಸುಪಾರಿ’ ಹೆಸರನ್ನು ಪೊಟ್ಟಣದ ಮೇಲೆ ಮುದ್ರಿಸುವ ಹಕ್ಕು 1999ರ ಕಾಯ್ದೆಯಡಿ ನೋಂದಾಯಿತ ಅಧಿಕೃತ ಬಳಕೆದಾರರದು. ಮುದ್ರಕರು ಆದೇಶ ಸ್ವೀಕರಿಸುವಾಗ ನೋಂದಣಿಯ ಪ್ರತಿಯನ್ನು ಕೇಳಿ ಪಡೆಯಬೇಕು.

8. ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆಗಳು

(1) ಘನಾಂಶ: 10 ಗ್ರಾಂ ರಾಳವನ್ನು ತಟ್ಟೆಯಲ್ಲಿ ತೂಗಿ, 105 ಡಿಗ್ರಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 3 ಗ್ರಾಂ ಉಳಿದರೆ ಶೇ. 30. ಮಾರಾಟಗಾರ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ಶೇ. 27 ಬಂದರೆ ಹತ್ತನೆಯ ಒಂದು ಭಾಗದ ಹಣ ನೀರಿಗೆ ಹೋದಂತೆ.

(2) ಹಿಡಿತ: ಒಣಗಿದ ಮುದ್ರಣದ ಮೇಲೆ ಸೆಲೋಟೇಪ್ ಒತ್ತಿ ಫಕ್ಕನೆ ಎಳೆದು ನೋಡಿ. ಶಾಯಿ ಕಿತ್ತು ಬರಬಾರದು.

(3) ಅಂಟಿಕೆ: ಎರಡು ಮುದ್ರಿತ ತುಂಡುಗಳನ್ನು ಮುಖಾಮುಖಿ ಇಟ್ಟು, ಮೇಲೆ ಭಾರ ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸುಲಭವಾಗಿ ಬಿಡಿಸಿಕೊಳ್ಳಬೇಕು.

(4) ನೀರು: ಒದ್ದೆ ಬಟ್ಟೆಯಿಂದ ಇಪ್ಪತ್ತು ಬಾರಿ ಉಜ್ಜಿ ನೋಡಿ.

(5) ದಾಖಲೆ: ತಯಾರಿಸಿದ ದಿನಾಂಕ, ಬಾಳಿಕೆಯ ಅವಧಿ, ಪಿ.ಎಚ್., ಟಿ.ಜಿ. ನಮೂದಿಸಿದ ತಾಂತ್ರಿಕ ಪತ್ರವನ್ನು ಕೇಳಿ ಪಡೆಯಿರಿ.

ಈ ಪರೀಕ್ಷೆಗಳನ್ನು ಜನವರಿಯ ಒಣ ಹವೆಯಲ್ಲಿ ಮಾಡಿ ತೃಪ್ತಿಪಟ್ಟುಕೊಳ್ಳಬಾರದು. ಜುಲೈ ತಿಂಗಳಲ್ಲಿ, ಮಳೆ ಸುರಿಯುತ್ತಿರುವಾಗ, ನಿಮ್ಮದೇ ಯಂತ್ರದ ಮೇಲೆ ಮತ್ತೊಮ್ಮೆ ಮಾಡಬೇಕು. ಮಾರಾಟಗಾರನ ಪ್ರಯೋಗಶಾಲೆಯ ಫಲಿತಾಂಶ ನಮ್ಮ ಗೋದಾಮಿನ ಹವೆಗೆ ಅನ್ವಯಿಸಬೇಕೆಂದಿಲ್ಲ.

ಉಪಸಂಹಾರ

ಜಲಾಧಾರಿತ ಪಾಲಿಯೆಸ್ಟರ್ ರಾಳವು ಎಲ್ಲ ರೋಗಕ್ಕೂ ಮದ್ದಲ್ಲ, ಹಾಗೆಯೇ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಲ್ಲುವ ದುಬಾರಿ ವಸ್ತುವೂ ಅಲ್ಲ. ಪೆಟ್ ಫಿಲ್ಮ್ ಮತ್ತು ಕಾಗದದ ಕೆಲಸವಿದ್ದು, ಬಿಸಿಗಾಳಿಯ ಡ್ರೈಯರ್ ಹೊಂದಿರುವ ಘಟಕಗಳು ಮೊದಲು ಬೇಸಿಗೆಯ ಆದೇಶಗಳಿಗೆ ಇದನ್ನು ಬಳಸಿ ನೋಡಬಹುದು. ಒಂದು ಮಳೆಗಾಲದಲ್ಲಿ ಸಣ್ಣ ಲಾಟುಗಳ ಮೇಲೆ ಪ್ರಯೋಗ ನಡೆಸಿ, ಕೆಟ್ಟ ಮಾಲು ನೂರಕ್ಕೆ ಒಂದಕ್ಕಿಂತ ಕಡಿಮೆ ಬಂದ ಮೇಲೆ ಪೂರ್ಣವಾಗಿ ಬದಲಾಯಿಸಬಹುದು. ಡ್ರೈಯರ್ ಇಲ್ಲದ ಘಟಕಗಳು ಮೊದಲು ಡ್ರೈಯರಿನ ಯೋಚನೆ ಮಾಡಲಿ, ರಾಳದ ಯೋಚನೆ ಆಮೇಲೆ. ಪೊಟ್ಟಣ ಕೊಳ್ಳುವ ವ್ಯಾಪಾರಸ್ಥರು ಪೊಟ್ಟಣಕ್ಕೆ ಒಂದೆರಡು ಪೈಸೆ ಹೆಚ್ಚು ಕೊಡಲು ಹಿಂಜರಿಯದೆ, ಬದಲಿಗೆ ಲಿಖಿತ ದೃಢೀಕರಣವನ್ನು ಕೇಳಿ ಪಡೆಯಲಿ.

ಈ ಲೆಕ್ಕಕ್ಕೆ ಒಂದು ಹಾಳೆ ಕಾಗದ ಸಾಕು. ಘನಾಂಶ, ಒಣ ರಾಳದ ದರ, ವಿದ್ಯುತ್, ಮಳೆಗಾಲದ ವೇಗ, ಕೆಟ್ಟ ಲಾಟುಗಳು, ಉಳಿತಾಯಗಳು ಎಂದು ಆರು ಸಾಲುಗಳನ್ನು ಬರೆದು ತಮ್ಮ ಅಂಕಿಗಳನ್ನು ತುಂಬಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ.